‘ಗ್ಯಾಸ್ ಹೋಗಿದೆ’ ಅಂದರೆ, ಎಲ್ಲಿಗೆ?

ಯುಗಾದಿ ಕಳೆದು ಬಿಸಿಲು ಬಲಿತಿತೆಂದರೆ ಸಿರಿಗೆರೆ ಸೀಮೆಯಲ್ಲಿ ಫ್ರಿಜ್ ರಿಪೇರಿಯವರಿಗೆ ಬಿಡುವಿರುವುದಿಲ್ಲ. ಮನೆಯ ಫ್ರಿಜ್ ಇರಲಿ, ಅಂಗಡಿಯ ಐಸ್‌ಕ್ರೀಮ್ ಪೆಟ್ಟಿಗೆ ಇರಲಿ, ಹಿಂಬದಿ ಮುಟ್ಟಿ ನೋಡಿ ಹೇಳುವ ಮಾತು ಒಂದೇ: ‘ಗ್ಯಾಸ್ ಹೋಗಿದೆ, ತುಂಬಿಸಬೇಕು.’ ಬೈಕಿಗೆ ಪೆಟ್ರೋಲು, ಒಲೆಗೆ ಸಿಲಿಂಡರು ಇದ್ದ ಹಾಗೆ ಫ್ರಿಜ್ಜಿಗೂ ಗ್ಯಾಸು ಖರ್ಚಾಗುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಅದು ತಪ್ಪು. ಫ್ರಿಜ್ಜಿನೊಳಗೆ ಗ್ಯಾಸು ಉರಿದು ಮುಗಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಹೋಗಿದೆ ಅಂದರೆ ಸೋರಿದೆ.

ನಮ್ಮ ಅಜ್ಜಿಯರ ಕಾಲದ ಮಣ್ಣಿನ ಹೂಜಿ ನೆನಪಿಸಿಕೊಳ್ಳಿ. ಹೂಜಿಯ ಮೈಯಿಂದ ನೀರು ಒಸರಿ ಆರುವಾಗ ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಚಿತ್ರದುರ್ಗದ ಒಣ ಗಾಳಿಯಲ್ಲಿ ಅದು ಇನ್ನೂ ಚುರುಕು. ಕರಾವಳಿಯ ತೇವದಲ್ಲಿ ಅಷ್ಟು ತಂಪು ಸಿಗದು. ಫ್ರಿಜ್ಜಿನ ಗುಟ್ಟೂ ಇಷ್ಟೇ. ದ್ರವವೊಂದು ಕೊಳವೆಯೊಳಗೆ ಆವಿಯಾಗುತ್ತಾ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ, ಹಿಂಬದಿಯ ಜಾಲರಿಯಲ್ಲಿ ಅದು ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಹೂಜಿಯ ನೀರು ಗಾಳಿಗೆ ಸೇರಿದರೆ ಯಾರಿಗೂ ಕೇಡಿಲ್ಲ. ಫ್ರಿಜ್ಜಿನದು ಸೇರಬಾರದು.

ಯಾಕೆ ಸೇರಬಾರದು ಎಂಬುದು ತಿಳಿಯಲು ಜಗತ್ತಿಗೆ ಅರ್ಧ ಶತಮಾನ ಹಿಡಿಯಿತು. 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು ಫ್ರಿಜ್ಜಿಗೆ ಒಗ್ಗಿಸಿದ ಸಿಎಫ್‌ಸಿ ಅನಿಲಗಳು ಉರಿಯದ, ವಿಷವಲ್ಲದ ವರವಾಗಿ ಕಂಡಿದ್ದವು. ಅವು ಓಜೋನ್ ಪದರವನ್ನು ತಿನ್ನಬಲ್ಲವೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ಬದಲಿಗೆ ಬಂದ ಎಚ್‌ಎಫ್‌ಸಿಗಳು ಓಜೋನನ್ನು ಮುಟ್ಟುವುದಿಲ್ಲ, ಆದರೆ ಭೂಮಿಯನ್ನು ಕಾಯಿಸುತ್ತವೆ. ಅದಕ್ಕೇ 2016ರಲ್ಲಿ ಅದೇ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಬಂತು. ಭಾರತ ಅದನ್ನು ಅನುಮೋದಿಸಿದ್ದು 2021ರಲ್ಲಿ.

ಸೋರಿದರೆ ಎಷ್ಟು ಕೇಡು ಎಂಬುದನ್ನು ಹಾಲಿನ ಡೇರಿಯಿಂದಲೇ ಲೆಕ್ಕ ಹಾಕೋಣ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗಳ ಹಾಲು ಒಂದೇ ಒಕ್ಕೂಟಕ್ಕೆ ಸೇರುತ್ತದೆ. ಕೆಚ್ಚಲಿನ ಬಿಸಿ ಆರದ ಹಾಲನ್ನು ಬಲ್ಕ್ ಕೂಲರ್ 4 ಡಿಗ್ರಿಗೆ ಇಳಿಸದಿದ್ದರೆ ರೈತನ ಬೆಳಗಿನ ದುಡಿಮೆ ಹುಳಿಯಾಗಿಬಿಡುತ್ತದೆ. ಈ ಯಂತ್ರ ನಮಗೆ ಬೇಕೇ ಬೇಕು. ದೇಶದ ಇಂಥ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಆರ್-22 ಅಥವಾ ಆರ್-404ಎ ಎಂಬ ಗ್ಯಾಸು. ಒಂದು ಕೆ.ಜಿ. ಆರ್-404ಎ ಗಾಳಿಗೆ ಸೇರಿದರೆ ಸುಮಾರು 3,900 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿನಲ್ಲಿ 85,000 ಕಿ.ಮೀ. ಸುತ್ತಿದರೆ ಅಷ್ಟು ಹೊಗೆಯಾದೀತು, ಅಂದರೆ ಭೂಮಿಗೆ ಎರಡು ಪ್ರದಕ್ಷಿಣೆ. ಸಡಿಲಾದ ಒಂದು ನಟ್ಟಿನಿಂದ ಇಷ್ಟೆಲ್ಲ ಆಗಬಹುದು.

ಹಾಗಾದರೆ ಯಾವ ಗ್ಯಾಸು ಒಳ್ಳೆಯದು? ಮನೆಯ ಫ್ರಿಜ್ಜಿಗೆ ಉತ್ತರ ಸುಲಭ: ಆರ್-600ಎ, ಐಸೊಬ್ಯುಟೇನ್. ಎ.ಸಿ.ಗೆ ಆರ್-290, ಪ್ರೊಪೇನ್. 2012ರಲ್ಲೇ ಗೋದ್ರೆಜ್ ಅಂಥ ಎ.ಸಿ.ಯನ್ನು ನಮ್ಮ ಮಾರುಕಟ್ಟೆಗೆ ತಂದಿತ್ತು. ಇವೆರಡರ ತಾಪಕಾರಕ ಶಕ್ತಿ, ಅಂದರೆ ಇಂಗಾಲದ ಡೈಆಕ್ಸೈಡಿನ ಎಷ್ಟು ಪಟ್ಟು ಕಾಯಿಸುತ್ತವೆ ಎಂಬ ಅಂಕಿ, ಬೆರಳೆಣಿಕೆಯಷ್ಟು. ‘ಉರಿಯುತ್ತದಲ್ಲಾ’ ಎಂದು ಹೆದರುವವರು ಅಡುಗೆಮನೆಯತ್ತ ನೋಡಬೇಕು. ಅಲ್ಲಿನ ಸಿಲಿಂಡರಿನಲ್ಲಿ ಇರುವುದೂ ಇದೇ ವಂಶದ ಅನಿಲ, ಅದೂ 14 ಕೆ.ಜಿ. ಫ್ರಿಜ್ಜಿನೊಳಗೆ ಇರುವುದು ಕೆಲವು ಹತ್ತು ಗ್ರಾಂ. ಹಾಗೆಂದು ಅಡುಗೆ ಗ್ಯಾಸನ್ನೇ ತುಂಬುವುದು, ಆರ್-22ರ ಹಳೆಯ ಯಂತ್ರಕ್ಕೆ ಪ್ರೊಪೇನ್ ಹಾಕುವುದು ಖಂಡಿತ ಬೇಡ. ಆ ಯಂತ್ರದ ಸ್ವಿಚ್ಚು, ವೈರು ಉರಿಯುವ ಅನಿಲಕ್ಕೆಂದು ಮಾಡಿದ್ದಲ್ಲ. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಆರ್-32 ಎ.ಸಿ. ನಡುದಾರಿ: ಅದರ ಅಂಕಿ 675, ಹಿಂದಿನ ಆರ್-410ಎಯ ಅಂಕಿಯ ಮೂರನೇ ಒಂದು ಪಾಲು. ದೊಡ್ಡ ಶೀತಲಗೃಹಗಳಲ್ಲಿ ಅಮೋನಿಯಾ ಬಹಳ ಹಿಂದಿನಿಂದ ಇದೆ. ತಾಪವನ್ನೂ ಏರಿಸದು, ಓಜೋನನ್ನೂ ಮುಟ್ಟದು. ಆದರೆ ವಿಷ, ನುರಿತ ಕೈ ಬೇಕು. ಸೋರಿದರೆ ಮೂಗೇ ಹೇಳುತ್ತದೆ ಎಂಬುದು ಅದರ ದೊಡ್ಡ ಗುಣ. ಹೊಸದುರ್ಗ, ಹಿರಿಯೂರಿನ ಕಡೆ ದಾಳಿಂಬೆಗೆ ಶೀತಲಗೃಹ ಕಟ್ಟುವವರು ಯಾವ ಗ್ಯಾಸು ಎಂಬುದನ್ನು ಮೊದಲೇ ಯೋಚಿಸಬೇಕು. ಯಂತ್ರ ಕೂರಿಸಿದ ಮೇಲೆ ಗ್ಯಾಸು ಬದಲಿಸುವುದು ಸುಲಭವಲ್ಲ.

ಸೆಕೆಂಡ್ ಹ್ಯಾಂಡ್ ಎಂದು ಅಗ್ಗಕ್ಕೆ ಆರ್-22ರ ಯಂತ್ರ ಕೊಳ್ಳುವವರಿಗೆ ಒಂದು ಮಾತು. 2025ರಿಂದ ದೇಶದಲ್ಲಿ ಹೊಸ ಯಂತ್ರಗಳ ತಯಾರಿಕೆಗೆ ಆ ಗ್ಯಾಸು ನಿಷಿದ್ಧ. ಹಳೆಯವುಗಳ ರಿಪೇರಿಗೆ ಸಿಗುವುದೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಲಿದೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಬೈಕಿಗೆ ಸಿಲಿಂಡರ್ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುವ ಹುಡುಗನ ಕಡೆಗೆ. ಕಿಗಾಲಿಯಲ್ಲಿ ಬರೆದದ್ದು ಇಲ್ಲಿ ಜಾರಿಯಾಗುವುದು ಅವನ ಸ್ಪ್ಯಾನರಿನಿಂದ. 2019ರ ಭಾರತ ಶೀತಲೀಕರಣ ಕ್ರಿಯಾ ಯೋಜನೆ ಇಂಥ 1 ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡದ್ದು ಅದಕ್ಕೇ. ಉಳಿದ ಗ್ಯಾಸನ್ನು ಬುಸ್ಸೆಂದು ಹೊರಗೆ ಬಿಡದೆ ಸಿಲಿಂಡರಿಗೆ ಹಿಡಿದಿಡಲು, ಸೋರುವ ಜಾಗ ಹುಡುಕಲು ಅವನಿಗೆ ಹೊತ್ತು ಬೇಕು. ಆ ಹೊತ್ತಿನ ಕೂಲಿ ನಾವು ಕೊಡಬೇಕು. ‘ಬೇಗ ತುಂಬಿಸಿ ಹೋಗಪ್ಪಾ’ ಎಂದು ಅವಸರ ಮಾಡುವವರು ನಾವೇ. ಕೆರೆ ಏರಿಯಲ್ಲಿ ತೂತು ಬಿದ್ದರೆ ಮೊದಲು ತೂತು ಮುಚ್ಚಬೇಕೆಂದು ಈ ಸೀಮೆಯ ರೈತನಿಗೆ ಯಾರೂ ಕಲಿಸಬೇಕಿಲ್ಲ. ತುಂಗಭದ್ರೆಯ ನೀರು ಪೈಪಿನಲ್ಲಿ ಹತ್ತಿ ಭರಮಸಾಗರದ ಕೆರೆಗೆ ಬಂದದ್ದನ್ನು ಕಂಡ ಜನ ಇವರು. ಹನಿಯ ಬೆಲೆ ಬಲ್ಲವರು.

ಕಳೆದ ಬೇಸಿಗೆಯಲ್ಲಿ ಬಂಧುವೊಬ್ಬರ ಅಂಗಡಿಗೆ ಬಂದ ಹುಡುಗನಿಗೆ, ‘ಮೊದಲು ಸೋರುವ ಜಾಗ ತೋರಿಸು, ಆಮೇಲೆ ತುಂಬಿಸು’ ಎಂದೆವು. ಅವನು ನಕ್ಕು, ಲೋಟದಲ್ಲಿ ಸೋಪಿನ ಪುಡಿ ಕದಡಿ, ತಾಮ್ರದ ಕೊಳವೆಯ ಒಂದೊಂದು ಬೆಸುಗೆಗೂ ಬ್ರಷ್‌ನಿಂದ ನೊರೆ ಹಚ್ಚುತ್ತಾ ಹೋದ. ಮೂರನೆಯ ಬೆಸುಗೆಯ ಹತ್ತಿರ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಎದ್ದು, ಉಬ್ಬಿ, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು.