ಬೆನ್ನುನೋವಿನ ಚಿಕಿತ್ಸೆಗೆ ಮೊದಲ ಸಾರಿ ಹೋಗುವವರಿಗೆ

ಕಳೆದ ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯ ನಮ್ಮ ಪೂರ್ವವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕಾಣಲು ಬಂದಳು. ಅವಳ ತಾಯಿ ಬೀಡಿ ಕಟ್ಟಿದ ಮಜೂರಿಯಿಂದಲೇ ಮಗಳನ್ನು ಓದಿಸಿದವರು. ಗೆರಸೆಯನ್ನು ತೊಡೆಯ ಮೇಲಿಟ್ಟು, ಕತ್ತು ಬಗ್ಗಿಸಿ ವರುಷಾನುವರುಷ ಕುಳಿತ ಆ ಬೆನ್ನು ಈಗ ನೆಟ್ಟಗಾಗದು. ಕತ್ತನ್ನು ಫಕ್ಕನೆ ತಿರುವಿ, ಲಟಕ್ಕೆಂಬ ಸದ್ದಿನೊಡನೆ ನೋವನ್ನು ಓಡಿಸುವ ದೃಶ್ಯಗಳನ್ನು ಮೊಬೈಲಿನಲ್ಲಿ ಕಂಡಿದ್ದ ಅವಳು, “ಟೀಚರ್, ಅಮ್ಮನನ್ನು ಅಂಥವರಲ್ಲಿಗೆ ಕರೆದೊಯ್ಯಲೇ? ಅಲ್ಲಿ ಏನು ಮಾಡುತ್ತಾರೆ?” ಎಂದು ಕೇಳಿದಳು. ಇದೇ ಸಂಶಯವುಳ್ಳ ತಾಯಂದಿರು ಬಂಟ್ವಾಳ, ಮೂಡಬಿದಿರೆಗಳಲ್ಲಿಯೂ ಇರುವರಾದ್ದರಿಂದ ಆಗ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ವೈದ್ಯಳಲ್ಲ, ಕರಿಹಲಗೆಯ ಮುಂದೆ ನಿಂತು ನಿಂತು ಬೆನ್ನು ಕೆಡಿಸಿಕೊಂಡು ಚಿಕಿತ್ಸೆ ಪಡೆದವಳು ಮಾತ್ರ.

ಅವಳು ಕಂಡದ್ದು ಕೈರೋಪ್ರಾಕ್ಟಿಕ್ ಎಂಬ ಪದ್ಧತಿ. 1895ರಲ್ಲಿ ಅಮೇರಿಕದ ಡೇವನ್‌ಪೋರ್ಟ್ ಪಟ್ಟಣದಲ್ಲಿ ಡಿ. ಡಿ. ಪಾಮರ್ ಎಂಬಾತನು ಇದನ್ನು ಆರಂಭಿಸಿದನು. ಗ್ರೀಕ್ ಮೂಲದ ಆ ಹೆಸರಿಗೆ ‘ಕೈಯಿಂದ ಮಾಡತಕ್ಕದ್ದು’ ಎಂದರ್ಥ. ಇದರಲ್ಲಿ ಪದವಿ ಪಡೆದವರು ನಮ್ಮ ದೇಶದಲ್ಲಿ ವಿರಳ. ನಮ್ಮ ಕಡೆ ಇಂಥ ನೋವಿಗೆ ಸಾಮಾನ್ಯವಾಗಿ ದೊರೆಯುವವರು ಫಿಸಿಯೋಥೆರಪಿ ಕಲಿತವರು. ಮೂಡಬಿದಿರೆಯಲ್ಲಿ ಆಳ್ವಾಸ್ ಸಂಸ್ಥೆಯವರು ಅದಕ್ಕೊಂದು ಕಾಲೇಜನ್ನೇ ನಡೆಸುತ್ತಾರೆ. ಫಲಕಗಳಲ್ಲಿ ಕಾಣುವ ‘ಪುತ್ತೂರು ಕಟ್ಟು’ ಬೇರೆಯದು. ಅದು ಮುರಿದ ಮೂಳೆಗೆ ಕಟ್ಟುವ ಪದ್ಧತಿ, ಮತ್ತು ಆ ಪುತ್ತೂರು ನಮ್ಮ ನೆರೆಯದಲ್ಲ, ಆಂಧ್ರದ್ದು.

ಮೊದಲ ದಿನದ ಬಹುಭಾಗವು ಮಾತಿನಲ್ಲಿಯೇ ಕಳೆಯುವುದು. ನೋವು ಎಂದು ಆರಂಭವಾಯಿತು, ಕಾಲಿಗೆ ಇಳಿಯುವುದೋ, ರಾತ್ರಿ ಎಬ್ಬಿಸುವುದೋ, ಬಿದ್ದದ್ದುಂಟೋ, ಏನು ಕೆಲಸ ಮಾಡುತ್ತೀರಿ, ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳುವರು. ಇಲ್ಲಿ ಸಂಕೋಚಪಟ್ಟು ಮುಚ್ಚಿಡಬಾರದು. ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು, ತೊಡೆಸಂದಿಯಲ್ಲಿ ಜೋಮು, ಕಾಲಿನ ಬಲ ಕುಂದುವುದು, ಇವುಗಳಿದ್ದಲ್ಲಿ ಆ ದಿನವೇ ದೊಡ್ಡಾಸ್ಪತ್ರೆಗೆ ಹೋಗತಕ್ಕದ್ದು. ಸಂಜೆಯ ಜ್ವರ, ಮೈ ಇಳಿಯುವುದು ಇದ್ದರೆ ಬೆನ್ನೆಲುಬಿನ ಕ್ಷಯವೂ ಇರಬಹುದಾದ್ದರಿಂದ ಮೊದಲು ವೈದ್ಯರನ್ನು ಕಾಣಬೇಕು.

ಬಳಿಕ ಪರೀಕ್ಷೆ. ನಿಲ್ಲಿಸಿ ಬಗ್ಗಿಸುವರು, ಮಲಗಿಸಿ ಒಂದೊಂದೇ ಕಾಲನ್ನು ಎತ್ತುವರು, ಸಣ್ಣ ಸುತ್ತಿಗೆಯಿಂದ ಮೊಣಕಾಲನ್ನು ತಟ್ಟುವರು. ಸಡಿಲವಾದ ಉಡುಪು ಧರಿಸಿ ಹೋಗುವುದು ಲೇಸು. ಮಗಳೋ ಸೊಸೆಯೋ ಒಳಗೆ ಜತೆಯಲ್ಲಿರಲಿ ಎಂದು, ಅಥವಾ ಸ್ತ್ರೀಯರೇ ಪರೀಕ್ಷಿಸಲಿ ಎಂದು ಕೇಳುವುದಕ್ಕೆ ನಾಚಬೇಕಾಗಿಲ್ಲ. ಎಲ್ಲರಿಗೂ ಎಕ್ಸ್-ರೇ ಬೇಕಾಗುವುದಿಲ್ಲ.

ಇಷ್ಟಾದ ಮೇಲೆಯೇ ಕೈಯ ಕೆಲಸ, ಅದೂ ಏನು ಮಾಡುವೆವೆಂದು ಹೇಳಿ, ನಿಮ್ಮ ಒಪ್ಪಿಗೆ ಪಡೆದು. ಲಟಕ್ಕೆಂಬ ಸದ್ದು ಜಾರಿದ ಮೂಳೆಯು ಸ್ಥಾನಕ್ಕೆ ಬಂದದ್ದಲ್ಲ. ಕೀಲಿನ ದ್ರವದಲ್ಲಿ ಉಂಟಾಗುವ ವಾಯುಗುಳ್ಳೆಯ ಸದ್ದು. ಅದು ಕೇಳಿಸದಿದ್ದರೆ ಚಿಕಿತ್ಸೆ ವ್ಯರ್ಥವಾಯಿತೆಂದು ಬಗೆಯಬಾರದು. ಕತ್ತನ್ನು ರಭಸದಿಂದ ತಿರುವುವುದರಿಂದ ಅಪರೂಪಕ್ಕೆ ಮೆದುಳಿಗೆ ಹೋಗುವ ರಕ್ತನಾಳವು ಹರಿದು ಪಾರ್ಶ್ವವಾಯು ಬಂದದ್ದುಂಟು. ಬೇಡವೆನ್ನುವ ಹಕ್ಕು ನಿಮ್ಮದು. ಒಂದೆರಡು ದಿನ ಮೈಕೈ ನೋವಿದ್ದರೆ ಹೆದರಬೇಡಿ.

ಉಳಿದದ್ದೆಲ್ಲ ಮನೆಯ ವ್ಯಾಯಾಮ. ಕಷ್ಟವಿರುವುದು ಇಲ್ಲಿಯೇ. ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ ಎನ್ನುವುದು ಸುಲಭ. ಸಾವಿರ ಬೀಡಿಗೆ ಇಷ್ಟೆಂದು ಮಜೂರಿ ಪಡೆಯುವವರಿಗೆ ಎದ್ದಷ್ಟೂ ನಷ್ಟ. ಇದನ್ನು ಮನೆಯವರು ತಿಳಿದು, ಎಲೆ ಕತ್ತರಿಸುವುದನ್ನಾದರೂ ಹಂಚಿಕೊಳ್ಳಬೇಕು.

ನಮ್ಮ ವಿದ್ಯಾರ್ಥಿನಿ ತಾಯಿಯನ್ನು ಫಿಸಿಯೋಥೆರಪಿಗೆ ಕರೆದೊಯ್ದಳು. “ಬರೇ ಪ್ರಶ್ನೆ ಕೇಳಿ ಮೂರು ವ್ಯಾಯಾಮ ಹೇಳಿ ಕಳಿಸಿದರು, ಇದಕ್ಕೆ ಬಸ್ಸಿನ ಹಣ ದಂಡ” ಎಂದು ತಾಯಿಗೆ ಮೊದಲ ದಿನ ಬಹಳ ಅಸಮಾಧಾನ. ಕ್ರಿಸ್ಮಸ್ ಹೊತ್ತಿಗೆ ನಾನು ಅವರ ಮನೆಗೆ ಹೋದಾಗ ಅವರು ಗೋಡೆಗೆ ಒರಗಿ, ಗೆರಸೆಯನ್ನು ಒಂದು ಮಣೆಯ ಮೇಲೆ ಎತ್ತರಿಸಿಟ್ಟು ಬೀಡಿ ಕಟ್ಟುತ್ತಿದ್ದರು; ಮಗಳು ಪಕ್ಕದಲ್ಲಿ ಎಲೆ ಕತ್ತರಿಸುತ್ತಿದ್ದಳು.