ನೀರಿಗಿಳಿಯುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಲ್ಲಿ

ಶಾಲೆಗೆ ರಜೆ ಬಂತೆಂದರೆ, ಸಂಘದವರು ವರ್ಷಕ್ಕೊಮ್ಮೆ ಪ್ರವಾಸ ಹೊರಟರೆಂದರೆ, ಕಾವೇರಿ ಕಬಿನಿ ಸೀಮೆಯ ನಮಗೆಲ್ಲ ಮೊದಲು ನೆನಪಾಗುವುದು ಹೊಳೆ. ಬಲಮುರಿ, ಎಡಮುರಿ, ತಲಕಾಡು, ಮುತ್ತತ್ತಿ, ಸಂಗಮ - ಬುತ್ತಿ ಕಟ್ಟಿಕೊಂಡು ಹೋಗಿ ಮಕ್ಕಳೊಂದಿಗೆ ನೀರಲ್ಲಿ ಆಡಿ ಬರುವುದು ಹೆಚ್ಚು ಖರ್ಚಿಲ್ಲದ ಸಂತೋಷ. ಇದು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಇಂಥ ಜಾಗಗಳಲ್ಲಿ ನೀರುಪಾಲಾದವರ ಸುದ್ದಿಯನ್ನು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದುತ್ತೇವೆ. "ಈಜು ಬರ್ತಿತ್ತು, ಆದ್ರೂ ಹೋಗ್ಬಿಟ್ಟ" ಎಂದು ಮನೆಯವರು ಗೋಳಾಡುವುದನ್ನೂ ಕೇಳಿದ್ದೇವೆ. ಈಜು ಬಂದರೆ ಸಾಲದು, ಇವತ್ತಿನ ನೀರು ಹೇಗಿದೆ ಎಂದು ದಡದಲ್ಲೇ ತಿಳಿದುಕೊಳ್ಳಲು ಬರಬೇಕು. ಇದಕ್ಕೆ ಯಾವ ಯಂತ್ರವೂ ಬೇಡ. ಕಣ್ಣು, ಕಿವಿ, ಒಂದು ಕೋಲು ಮತ್ತು ಹತ್ತು ನಿಮಿಷದ ತಾಳ್ಮೆ ಸಾಕು.

ಮಳೆ ಎಲ್ಲೋ, ಪ್ರವಾಹ ಇಲ್ಲಿ

"ಮಳೆ ಇಲ್ಲ, ಬಿಸಿಲಿದೆ, ಏನೂ ಆಗಲ್ಲ ಬಿಡಿ" ಎನ್ನುವುದು ದೊಡ್ಡ ತಪ್ಪು ತಿಳುವಳಿಕೆ. ಕೇರಳದ ವಯನಾಡಿನಲ್ಲಿ ಸುರಿದ ಮಳೆ ಕಬಿನಿ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಬಿಟ್ಟ ನೀರು ನಂಜನಗೂಡು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಕೊಡಗಿನ ಮಳೆ ಕೃಷ್ಣರಾಜಸಾಗರ ತುಂಬಿಸುತ್ತದೆ. ಹೀಗಾಗಿ ತಲಕಾಡಿನಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರಬಹುದು. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ. ಮಟ್ಟ ಅದರ ಹತ್ತಿರ ಬಂತೆಂದು ಪತ್ರಿಕೆಯಲ್ಲಿ ಕಂಡರೆ ಯಾವಾಗ ಬೇಕಾದರೂ ನೀರು ಬಿಡಬಹುದು ಎಂದೇ ತಿಳಿಯಬೇಕು.

"ಹತ್ತು ಸಾವಿರ ಕ್ಯೂಸೆಕ್ ಬಿಟ್ಟಿದ್ದಾರೆ" ಎಂದರೆ ಎಷ್ಟು? ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 2 ಲಕ್ಷ 80 ಸಾವಿರ ಲೀಟರಿಗೂ ಹೆಚ್ಚು. ಆರು ಸಾವಿರ ಲೀಟರಿನ ನೀರಿನ ಟ್ಯಾಂಕರ್ 47 ಸೇರಿ ಒಂದೇ ಸೆಕೆಂಡಿನಲ್ಲಿ ಸುರಿದ ಹಾಗೆ!

2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಆದದ್ದೂ ಇದೇ. ಹೈದರಾಬಾದಿನಿಂದ ಪ್ರವಾಸ ಹೋಗಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನದಿಯೊಳಗಿನ ಬಂಡೆಗಳ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರು ಬಂದೇಬಿಟ್ಟಿತು. 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ಈಜಲೆಂದು ಹೋದವರಲ್ಲ, ಬಂಡೆಯ ಮೇಲೆ ನಿಂತವರು.

ಹೊಳೆಯಲ್ಲಿ ನೋಡಬೇಕಾದ ಐದು ಸಂಗತಿ

1. ಊರವರ ಮಾತು: ಮೀನು ಹಿಡಿಯುವವರನ್ನು, ತೆಪ್ಪ ಹಾಕುವವರನ್ನು, ಬಟ್ಟೆ ಒಗೆಯುವ ಹೆಂಗಸರನ್ನು ಕೇಳಿ. "ಅಣ್ಣಾ, ಮಡು ಎಲ್ಲಿದೆ? ಇವತ್ತು ನೀರು ಏರಿದೆಯಾ?" ಅವರು ಬೇಡ ಎಂದರೆ ಬೇಡ. ಎಚ್ಚರಿಕೆಯ ಫಲಕ ಹಾಕಿದ ಕಡೆ ಇಳಿಯಲೇಬೇಡಿ.

2. ಸೆಳೆತ: ಒಂದು ಒಣಕಡ್ಡಿಯನ್ನು ನೀರಿಗೆ ಎಸೆದು ಅದರ ಜೊತೆ ದಡದಲ್ಲಿ ನಡೆಯಿರಿ. ಕಡ್ಡಿ ನಿಮ್ಮ ಸಾಮಾನ್ಯ ನಡಿಗೆಗೆ ಸರಿಸಮ ಬಂದರೆ ಆ ನೀರು ಆಟಕ್ಕಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ನೀರೂ ದೊಡ್ಡವರನ್ನು ಕೆಡವುವುದು ಇದರಿಂದಲೇ. ದಡಕ್ಕಿಂತ ನಡುಹೊಳೆಯಲ್ಲಿ ಸೆಳೆತ ಹೆಚ್ಚು ಎಂಬುದೂ ನೆನಪಿರಲಿ.

3. ಮಟ್ಟ: ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ಹತ್ತು ನಿಮಿಷಕ್ಕೊಮ್ಮೆ ನೋಡಿ. ಎರಡು ಬೆರಳಷ್ಟು ಏರಿದರೂ ಎಲ್ಲರನ್ನೂ ಮೇಲಕ್ಕೆ ಕರೆಯಿರಿ. ತಿಳಿನೀರು ಕೆಂಪಗಾದರೆ, ಎಲೆ ಕಸಕಡ್ಡಿ ತೇಲಿಬಂದರೆ, ಮೇಲಿನಿಂದ ಭೋರೆಂಬ ಸದ್ದು ಹೆಚ್ಚಾದರೆ, ಸೈರನ್ ಕೇಳಿದರೆ ಚಪ್ಪಲಿ, ಪಾತ್ರೆ ಬಿಟ್ಟು ಮೊದಲು ದಡ ಏರಿ. ನಡುಹೊಳೆಯ ಬಂಡೆಯ ಮೇಲೆ ಊಟಕ್ಕೆ ಕೂರುವುದಂತೂ ಬೇಡವೇ ಬೇಡ.

4. ಆಳ: ತಿಳಿನೀರು ಕಣ್ಣಿಗೆ ಮೋಸ ಮಾಡುತ್ತದೆ. ನಾಲ್ಕು ಅಡಿ ಆಳ ಮೇಲಿಂದ ನೋಡಿದರೆ ಮೂರೇ ಅಡಿಯಂತೆ ಕಾಣುತ್ತದೆ. ಮರಳು ತೆಗೆದ ಕಡೆ ಒಂದು ಹೆಜ್ಜೆಗೆ ಸೊಂಟದುದ್ದ, ಮುಂದಿನ ಹೆಜ್ಜೆಗೆ ಆಳುದ್ದ ಆಗಬಹುದು. ಕೋಲು ಹಾಕಿ ನೋಡಿಯೇ ಕಾಲಿಡಿ. ಮೇಲಿಂದ ತಲೆಕೆಳಗಾಗಿ ಧುಮುಕಬೇಡಿ.

5. ಕಟ್ಟೆಯ ಕೆಳಗೆ: ಬಲಮುರಿಯಂತಹ ಕಡೆ ನೀರು ಕಟ್ಟೆಯ ಮೇಲೆ ಹರಿದು ಕೆಳಗೆ ಬೀಳುತ್ತದೆ. ನೋಡಲು ಚೆಂದ. ಆದರೆ ಕಟ್ಟೆಯ ಮೇಲೆ ಪಾಚಿ ಜಾರುತ್ತದೆ. ನೀರು ಹೆಚ್ಚಿದ್ದಾಗ ಕಟ್ಟೆಯ ಬುಡದಲ್ಲಿ ಸುಳಿ ಎದ್ದು, ಬಿದ್ದವರನ್ನು ಮತ್ತೆ ಮತ್ತೆ ಒಳಕ್ಕೇ ಎಳೆಯುತ್ತದೆ.

ಕೆರೆ ಶಾಂತ, ಆದರೆ ತಳ ಶಾಂತವಲ್ಲ

ಕೆರೆಯಲ್ಲಿ ಸೆಳೆತ ಇಲ್ಲವೆಂದು ಧೈರ್ಯ ಹೆಚ್ಚು. ಬೇಸಿಗೆಯಲ್ಲಿ ಮಣ್ಣು ತೆಗೆದ ಗುಂಡಿಗಳು ಮಳೆಗಾಲದಲ್ಲಿ ನೀರಿನಡಿ ಮುಚ್ಚಿಹೋಗುತ್ತವೆ. ಹೋದ ವರ್ಷ ಆಡಿದ ಜಾಗವೇ ಈ ವರ್ಷ ಗುಂಡಿಯಾಗಿರಬಹುದು. ಹೂಳಿನಲ್ಲಿ ಕಾಲು ಹೂತರೆ ಎಳೆದುಕೊಳ್ಳುವುದು ಕಷ್ಟ. ಜೊಂಡು, ಬಳ್ಳಿ ಕಾಲಿಗೆ ಸುತ್ತಿಕೊಳ್ಳುತ್ತದೆ. ತೂಬಿನ ಬಳಿ, ಕೋಡಿ ಬಿದ್ದಿರುವ ಕಡೆ ಸೆಳೆತ ಇದ್ದೇ ಇರುತ್ತದೆ. ಅಲ್ಲಿಗೆ ಮಕ್ಕಳನ್ನು ಬಿಡಬಾರದು.

ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟಿದ್ದರೆ, ಮೀನು ಸತ್ತು ತೇಲುತ್ತಿದ್ದರೆ, ಚರಂಡಿ ನೀರು ಸೇರುತ್ತಿದ್ದರೆ ಇಳಿಯಬೇಡಿ, ದನಗಳಿಗೂ ಕುಡಿಸಬೇಡಿ. ಕಾಲಲ್ಲಿ ಗಾಯವಿದ್ದರೆ ಕಲುಷಿತ ನೀರಿನಿಂದ ಇಲಿಜ್ವರ ಬರಬಹುದು. ಮುಂದಿನ ಕೆಲವು ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಕೆರೆಗಿಳಿದದ್ದನ್ನು ವೈದ್ಯರಿಗೆ ಹೇಳಿ.

ಯಾರಾದರೂ ಮುಳುಗುತ್ತಿದ್ದರೆ

ಒಬ್ಬರನ್ನು ಉಳಿಸಲು ಹೋಗಿ ಅಕ್ಕ ತಂಗಿ, ಅಪ್ಪ ಮಗ ಒಟ್ಟಿಗೇ ಹೋದ ಉದಾಹರಣೆಗಳಿವೆ. ಆದ್ದರಿಂದ ತಕ್ಷಣ ಧುಮುಕಬೇಡಿ. ಕೂಗಿ ಜನ ಸೇರಿಸಿ. ದಡದಲ್ಲಿ ಮಲಗಿ ಬಿದಿರು, ಸೀರೆ, ಹಗ್ಗ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದರೆ ಹಿಡಿದುಕೊಂಡು ತೇಲಬಹುದು. 112ಕ್ಕೆ, ಆಂಬುಲೆನ್ಸಿಗಾಗಿ 108ಕ್ಕೆ ಫೋನ್ ಮಾಡಿ.

ಮೇಲೆ ತಂದವರನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಅದುಮುವುದು ಬೇಡ. ಇದರಿಂದ ಸಮಯ ಹಾಳು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ನಂತರ ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು ಕೊಡುತ್ತಾ ಸಹಾಯ ಬರುವವರೆಗೆ ಮುಂದುವರಿಸಬೇಕು. ಚೇತರಿಸಿಕೊಂಡರೂ ಆಸ್ಪತ್ರೆಗೆ ತೋರಿಸಲೇಬೇಕು.

ಸಂಘದಲ್ಲಿ ಹೀಗೆ ತೀರ್ಮಾನ ಮಾಡಿ

ಪ್ರವಾಸ ಹೊರಡುವ ಮೊದಲು ಸಭೆಯಲ್ಲಿ ಮಾತಾಡಿಕೊಳ್ಳಿ. ಉದ್ದನೆಯ ಹಗ್ಗ ಮತ್ತು ಎರಡು ಖಾಲಿ ಕ್ಯಾನ್ ಬಸ್ಸಿನಲ್ಲಿರಲಿ. ನೀರಲ್ಲಿರುವ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರನ್ನು ಸರದಿಯಂತೆ ನೇಮಿಸಿ. ಅವರು ಅಡುಗೆಗೂ ಹೋಗಬಾರದು, ಮೊಬೈಲ್ ಕೂಡ ಹಿಡಿಯಬಾರದು. ಕುಡಿದವರನ್ನು ನೀರಿಗೆ ಬಿಡಬೇಡಿ. ತೆಪ್ಪ ಹತ್ತುವವರೆಲ್ಲ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಜಾಕೆಟ್ ಇಲ್ಲದಿದ್ದರೆ ತೆಪ್ಪ ಬೇಡ.

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ದಡದಲ್ಲೇ ಊಟ ಮಾಡಿ, ಹಾಡು ಹೇಳಿ, ಆಟವಾಡಿ ಬನ್ನಿ. ಹೊಳೆ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಹೋದಷ್ಟೇ ಜನ ಮನೆಗೆ ಹಿಂದಿರುಗುವುದು ಮುಖ್ಯ.