ಮಾಳಿಗೆ ಮೇಲಿನ ಸೌರ ಫಲಕ: ಮನೆ ಮಾರುವಾಗ ನೋಡಬೇಕಾದ ಕಾಗದಪತ್ರ

ಸೌರ ಫಲಕ ಕೂರಿಸಿದ ಮನೆಯನ್ನು ಮಾರುವಾಗ ಖರೀದಿ ಪತ್ರವೊಂದರಿಂದ ವ್ಯವಹಾರ ಮುಗಿಯುವುದಿಲ್ಲ. ವಿದ್ಯುತ್ ಕಂಪನಿಯ ಜೊತೆಗಿನ ನೆಟ್ ಮೀಟರಿಂಗ್ ಒಪ್ಪಂದ, ಫಲಕಕ್ಕೆಂದು ತೆಗೆದ ಸಾಲ, ಫಲಕ ಮತ್ತು ಇನ್ವರ್ಟರಿನ ವಾರಂಟಿ, ಇವೆಲ್ಲ ಮಾರುವವರ ಹೆಸರಿನಲ್ಲಿ ಬೇರೆ ಬೇರೆಯಾಗಿ ಆದ ಕರಾರುಗಳು. ಮನೆ ನೋಂದಣಿಯಾದ ಮಾತ್ರಕ್ಕೆ ಇವು ತಾವಾಗಿಯೇ ಕೊಂಡವರ ಹೆಸರಿಗೆ ಬರುವುದಿಲ್ಲ. ಒಂದೊಂದನ್ನೂ ಅದರದರ ಕಚೇರಿಯಲ್ಲಿ ಕೇಳಿ ಬದಲಾಯಿಸಿಕೊಳ್ಳಬೇಕು.

ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೈಲು ಹಾದಿಯಲ್ಲಿರುವ ಮುಗದ, ಕೆರೆಗೂ ಭತ್ತದ ಸಂಶೋಧನಾ ಕೇಂದ್ರಕ್ಕೂ ಹೆಸರಾದ ಊರು. ಇಂಥ ಊರಿನಲ್ಲಿ ಮನೆ ಮಾರುವವರು ಹತ್ತಬೇಕಾದ ಮೆಟ್ಟಿಲು ಮೂರು: ಗ್ರಾಮ ಪಂಚಾಯಿತಿ, ಉಪನೋಂದಣಾಧಿಕಾರಿ ಕಚೇರಿ, ಹೆಸ್ಕಾಂ. ಮೊದಲಿನ ಎರಡರ ದಾರಿ ಜನರಿಗೆ ಗೊತ್ತಿದ್ದದ್ದೇ. ಪಂಚಾಯಿತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ನೋಂದಣಿಗೆ ಕಾವೇರಿ ತಂತ್ರಾಂಶ, ಹಳೆಯ ಸಾಲಸೋಲ ನೋಡಲು ಋಣಭಾರ ಪ್ರಮಾಣಪತ್ರ. ಆದರೆ ಇವು ಯಾವುದರಲ್ಲೂ ಮಾಳಿಗೆಯ ಮೇಲಿನ ಫಲಕ ಕಾಣಿಸುವುದಿಲ್ಲ. ಪಂಚಾಯಿತಿಯ ನಮೂನೆ ಮನೆಯ ಅಳತೆ, ಚಕ್ಕುಬಂದಿ, ಮಾಲೀಕರ ಹೆಸರನ್ನು ಹೇಳುತ್ತದೆ. ಋಣಭಾರ ಪ್ರಮಾಣಪತ್ರ ನೋಂದಣಿಯಾದ ವ್ಯವಹಾರಗಳನ್ನಷ್ಟೇ ಹೇಳುತ್ತದೆ. ಹಾಗಾಗಿ ಕಾಗದ ಶುದ್ಧವಾಗಿದೆ ಎಂದು ವಕೀಲರು ಹೇಳಿದ ಮೇಲೂ ಫಲಕದ ಲೆಕ್ಕ ಬಾಕಿಯೇ ಉಳಿದಿರುತ್ತದೆ.

ಫಲಕ ಮನೆಯ ಭಾಗವೋ, ಮಾರುವವರು ಬಿಚ್ಚಿಕೊಂಡು ಒಯ್ಯಬಹುದಾದ ಸಾಮಾನೋ ಎಂಬುದು ಮೊದಲ ಪ್ರಶ್ನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಕಲಂ ಇದಕ್ಕೆ ಆಧಾರ. ಮನೆಯೊಂದು ಕೈಬದಲಾದರೆ ಅದರ ಬೀಗ, ಕೀಲಿಕೈ, ಸರಳು, ಬಾಗಿಲು, ಕಿಟಕಿ ಮತ್ತು ಮನೆಯೊಡನೆ ಕಾಯಂ ಬಳಕೆಗೆಂದು ಒದಗಿಸಿದ ಎಲ್ಲವೂ ಕೊಂಡವರಿಗೆ ಸೇರುತ್ತವೆ ಎಂದು ಅದು ಹೇಳುತ್ತದೆ. ಅದೇ ಕಾಯ್ದೆಯ 3ನೇ ಕಲಂ ಪ್ರಕಾರ, ನೆಲದಲ್ಲಿ ನೆಟ್ಟ ಕಟ್ಟಡಕ್ಕೆ ಅದರ ಕಾಯಂ ಉಪಯೋಗಕ್ಕಾಗಿ ಜೋಡಿಸಿದ ವಸ್ತುವೂ ನೆಲಕ್ಕೆ ಅಂಟಿದ್ದೆಂದೇ ಲೆಕ್ಕ. ಸ್ಲ್ಯಾಬಿಗೆ ಬೋಲ್ಟ್ ಹಾಕಿ ನಿಲ್ಲಿಸಿದ ಚೌಕಟ್ಟು, ಮನೆಯ ಮೀಟರಿಗೆ ಸೇರಿದ ಕೇಬಲ್, ನೆಲದಲ್ಲಿ ಹೂತ ಅರ್ಥಿಂಗ್, ಇವೆಲ್ಲ ಈ ಮಾತಿಗೆ ಒಪ್ಪುವಂಥವು. ಆದರೆ 8ನೇ ಕಲಮಿನಲ್ಲೇ ಒಂದು ಷರತ್ತಿದೆ: ಬೇರೆ ಉದ್ದೇಶ ವ್ಯಕ್ತವಾಗಿರದಿದ್ದರೆ ಮಾತ್ರ ಈ ನಿಯಮ. ಅಂದರೆ ಪತ್ರದಲ್ಲಿ ಬರೆದದ್ದೇ ಮೇಲು. ಬರೆಯದೆ ಬಿಟ್ಟರೆ ಕಾಯ್ದೆ ಕೊಂಡವರ ಕಡೆ ವಾಲುತ್ತದೆ ನಿಜ, ಅದನ್ನು ಕೋರ್ಟಿನಲ್ಲಿ ಸಾಧಿಸುವ ಖರ್ಚು ಮಾತ್ರ ಫಲಕದ ಬೆಲೆಯನ್ನೂ ಮೀರಬಹುದು.

ಆದ್ದರಿಂದ ಸಂಚಕಾರ ಕೊಟ್ಟು ಕರಾರು ಬರೆಯುವ ದಿನವೇ ಫಲಕದ ಮಾತು ಕಾಗದಕ್ಕೆ ಇಳಿಯಬೇಕು. ಖರೀದಿ ಪತ್ರದ ತಪಶೀಲಿನಲ್ಲಿ ಚಕ್ಕುಬಂದಿಯ ಕೆಳಗೆ ಇಂಥದೊಂದು ವಾಕ್ಯ ಸಾಕು: “ಸದರಿ ಮನೆಯ ಮಾಳಿಗೆಯ ಮೇಲೆ ಅಳವಡಿಸಿರುವ 3 ಕಿಲೋವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಘಟಕವು ಅದರ ಫಲಕ, ಚೌಕಟ್ಟು, ಇನ್ವರ್ಟರ್, ಕೇಬಲ್, ಅರ್ಥಿಂಗ್ ಸಮೇತ ಈ ಮಾರಾಟದಲ್ಲಿ ಸೇರಿದ್ದು, ಅದರ ಮೇಲೆ ಯಾವ ಸಾಲವೂ ಇರುವುದಿಲ್ಲ; ಆರ್.ಆರ್. ನಂಬರಿನ ವಿದ್ಯುತ್ ಸಂಪರ್ಕ ಹಾಗೂ ನೆಟ್ ಮೀಟರಿಂಗ್ ಒಪ್ಪಂದದ ವರ್ಗಾವಣೆಗೆ ಬರೆದುಕೊಡುವವರ ಸಮ್ಮತಿ ಇರುತ್ತದೆ.” ಫಲಕಗಳ ಸೀರಿಯಲ್ ನಂಬರುಗಳನ್ನೂ ಪತ್ರಕ್ಕೆ ಲಗತ್ತಿಸುವುದು ಒಳ್ಳೆಯದು. ಪ್ರತಿ ಫಲಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಆ ನಂಬರು ಇರುತ್ತದೆ. ಫಲಕ ಕೂರಿಸಿದವರು ಕೊಟ್ಟ ಪಟ್ಟಿಯಲ್ಲೂ ಇರಬೇಕು. ಎರಡೂ ತಾಳೆಯಾಗದಿದ್ದರೆ ವಾರಂಟಿ ಕೇಳುವಾಗ ತಕರಾರು ಬರುತ್ತದೆ.

ಹಳ್ಳಿಯ ಕಡೆ ಇನ್ನೊಂದು ತೊಡಕುಂಟು. ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಂಡ ಮನೆಯಲ್ಲಿ ಕೆಳಗಿನ ಪಾಲು ಒಬ್ಬರದು, ಮಾಳಿಗೆ ಇಬ್ಬರಿಗೂ ಸೇರಿದ್ದು, ಫಲಕ ತಮ್ಮನದು, ಮೀಟರ್ ಮಾತ್ರ ತೀರಿಹೋದ ತಂದೆಯ ಹೆಸರಿನಲ್ಲಿ. ಇಂಥ ಮನೆಯ ಒಂದು ಪಾಲು ಮಾರಾಟಕ್ಕೆ ಬಂದರೆ ಫಲಕದ ಜಾಗಕ್ಕೆ ಉಳಿದ ಪಾಲುದಾರರ ಲಿಖಿತ ಒಪ್ಪಿಗೆ ಬೇಕು. ಮೀಟರನ್ನು ಮೊದಲು ವಾರಸುದಾರರ ಹೆಸರಿಗೆ ತಂದು, ಅಲ್ಲಿಂದ ಕೊಂಡವರ ಹೆಸರಿಗೆ ತರುವುದೇ ಸರಿಯಾದ ಕ್ರಮ. ಒಂದೇ ಜಿಗಿತಕ್ಕೆ ಮುಗಿಸಲು ಹೋದವರು ಎರಡು ಪಟ್ಟು ಓಡಾಡುತ್ತಾರೆ.

ಇನ್ನು ಹೆಸ್ಕಾಂ. 2002ರಲ್ಲಿ ಹುಟ್ಟಿದ ಈ ಕಂಪನಿ ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಉತ್ತರ ಕನ್ನಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೆ ವಿದ್ಯುತ್ ಕೊಡುತ್ತದೆ. ಅದರ ಮುಖ್ಯ ಕಚೇರಿ ಹುಬ್ಬಳ್ಳಿಯ ನವನಗರದಲ್ಲಿದೆ. ಹೆಸರು ಬದಲಾವಣೆಯ ಅರ್ಜಿಗೆ ಖರೀದಿ ಪತ್ರದ ನಕಲು, ಇತ್ತೀಚಿನ ಬಿಲ್ಲು, ಗುರುತಿನ ಚೀಟಿ, ಭದ್ರತಾ ಠೇವಣಿಯನ್ನು ಕೊಂಡವರ ಹೆಸರಿಗೆ ವರ್ಗಾಯಿಸಲು ಮಾರಿದವರ ಒಪ್ಪಿಗೆ ಪತ್ರ ಬೇಕಾಗುತ್ತವೆ. ಈ ಒಪ್ಪಿಗೆ ಪತ್ರವನ್ನು ನೋಂದಣಿಯ ದಿನವೇ ಸಹಿ ಮಾಡಿಸಿ ಇಟ್ಟುಕೊಳ್ಳಬೇಕು. ಹಣ ಪೂರ್ತಿ ಕೈಸೇರಿದ ಮೇಲೆ ಬೆಂಗಳೂರಿಗೋ ಪುಣೆಗೋ ಹೋಗಿ ನೆಲೆಸಿದವರನ್ನು ಒಂದು ಸಹಿಗಾಗಿ ಕರೆಸುವುದು ಸುಲಭವಲ್ಲ.

ಹಳೆಯ ಬಾಕಿಯನ್ನೂ ಹಗುರಾಗಿ ಕಾಣುವಂತಿಲ್ಲ. ಕೆ.ಸಿ. ನೈನಾನ್ ವಿರುದ್ಧ ಕೇರಳ ರಾಜ್ಯ ವಿದ್ಯುತ್ ಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಮೇ 19ರಂದು ಕೊಟ್ಟ ತೀರ್ಪಿನ ಪ್ರಕಾರ, ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ವಿದ್ಯುತ್ ಬಾಕಿ ತೀರಿಸಿದ ಮೇಲೆಯೇ ಹೊಸ ಮಾಲೀಕರಿಗೆ ಸಂಪರ್ಕ ಎಂದು ಕಂಪನಿ ಷರತ್ತು ಹಾಕಬಹುದು. ಸೌರ ಫಲಕವಿದ್ದ ಮನೆಗೆ ಬಿಲ್ಲೇ ಬರುವುದಿಲ್ಲ ಎಂಬ ನಂಬಿಕೆಯಲ್ಲಿ ಬಾಕಿಯನ್ನು ನೋಡದೆ ಬಿಡುವುದುಂಟು. ನಿಗದಿತ ಶುಲ್ಕ ಫಲಕವಿದ್ದರೂ ತಪ್ಪುವುದಿಲ್ಲ. ಬಾಕಿ ಬೆಳೆಯಲು ಅಷ್ಟು ಸಾಕು.

ಸಂಪರ್ಕದ ಹೆಸರು ಬದಲಾದರೆ ನೆಟ್ ಮೀಟರಿಂಗ್ ಒಪ್ಪಂದವೂ ಬದಲಾಯಿತೆಂದು ಭಾವಿಸಬಾರದು. ಅದು ಮನೆಯವರಿಗೂ ಕಂಪನಿಗೂ ಆದ ಪ್ರತ್ಯೇಕ ವಿದ್ಯುತ್ ಖರೀದಿ ಕರಾರು, ಕರ್ನಾಟಕದಲ್ಲಿ ಸಾಮಾನ್ಯವಾಗಿ 25 ವರ್ಷದ್ದು. ಮನೆಯಲ್ಲಿ ಬಳಸಿ ಮಿಕ್ಕಿದ ವಿದ್ಯುತ್ತಿಗೆ ಕಂಪನಿ ಕೊಡುವ ದರ ಯಾವುದು, ಹಣ ಯಾರ ಬ್ಯಾಂಕ್ ಖಾತೆಗೆ ಎಂಬುದು ಅದರಲ್ಲೇ ಇರುತ್ತದೆ. ಖಾತೆ ಬದಲಾಯಿಸದಿದ್ದರೆ ಕೊಂಡವರ ಮಾಳಿಗೆಯ ಬಿಸಿಲಿನ ಹಣ ಮಾರಿದವರ ಖಾತೆಗೆ ಬೀಳುತ್ತಿರುತ್ತದೆ.

ಈ ಕರಾರಿನ ಬೆಲೆ ಕೆಲವೊಮ್ಮೆ ಫಲಕದ ಬೆಲೆಗಿಂತ ಹೆಚ್ಚು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರ ಅಕ್ಟೋಬರ್ 10ರ ಆದೇಶದಲ್ಲಿ ಚಾವಣಿ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಸಬ್ಸಿಡಿ ಪಡೆದ ಘಟಕಕ್ಕೆ 7 ರೂಪಾಯಿ 20 ಪೈಸೆ ನಿಗದಿ ಮಾಡಿತ್ತು. ಫಲಕಗಳು ಅಗ್ಗವಾದಂತೆ 2016ರಿಂದ ದರ ಇಳಿಯುತ್ತ ಬಂತು. ಹಾಗಾಗಿ ಒಂದೇ ಓಣಿಯ ಎರಡು ಮನೆಗಳ ಮೇಲೆ ಒಂದೇ ಅಳತೆಯ ಫಲಕಗಳಿದ್ದರೂ ಹಳೆಯ ಕರಾರಿನ ಮನೆಗೆ ಹೊಸದಕ್ಕಿಂತ ಹೆಚ್ಚು ಹಣ ಬರಬಹುದು. ಕೊಳ್ಳುವವರು ಬೆಲೆ ಮಾತಾಡುವ ಮುನ್ನ ಕರಾರಿನ ಪ್ರತಿ ಕೇಳಿ, ಸಹಿಯಾದ ವರ್ಷ, ದರ, ಉಳಿದ ಅವಧಿ, ವರ್ಗಾವಣೆಯ ಕಲಂ ಈ ನಾಲ್ಕನ್ನು ಓದಬೇಕು. ಹಳೆಯ ದರವೇ ಮುಂದುವರಿಯುತ್ತದೆಂಬ ಬಾಯಿಮಾತಿಗೆ ಹೆಚ್ಚಿನ ಹಣ ಕೊಡಬಾರದು. ಕಂಪನಿಯಿಂದ ಬರಹದಲ್ಲಿ ಬರಲಿ.

ಮನೆ ಬಿಟ್ಟುಕೊಡುವ ದಿನ ಇಬ್ಬರೂ ಮೀಟರಿನ ಮುಂದೆ ನಿಂತು ಮಾಡಬೇಕಾದ ಕೆಲಸವೊಂದಿದೆ. ದ್ವಿಮುಖ ಮೀಟರಿನ ಗುಂಡಿ ಒತ್ತಿದಂತೆ ಪರದೆಯ ಮೇಲೆ ಅಂಕಿಗಳು ಒಂದಾದ ಮೇಲೊಂದು ಬರುತ್ತವೆ. ಅವುಗಳಲ್ಲಿ ಕಂಬದಿಂದ ಒಳಬಂದ ಯೂನಿಟ್ಟು ಒಂದು, ಹೊರಗೆ ಹೋದ ಯೂನಿಟ್ಟು ಇನ್ನೊಂದು. ಇಂಪೋರ್ಟ್, ಎಕ್ಸ್‌ಪೋರ್ಟ್ ಎಂದು ಜನ ಕರೆಯುವುದು ಇವನ್ನೇ. ಎರಡರ ಫೋಟೋವನ್ನೂ ತೆಗೆದು, ಅಂಕಿಗಳನ್ನು ಸ್ವಾಧೀನ ಪತ್ರದಲ್ಲಿ ಬರೆದು ಸಹಿ ಹಾಕಿದರೆ ಆ ತಿಂಗಳ ಬಿಲ್ಲಿನಲ್ಲಿ ಯಾರ ಪಾಲೆಷ್ಟು ಎಂಬ ಜಗಳ ಹುಟ್ಟುವುದಿಲ್ಲ. ಉದಾಹರಣೆಗೆ, ಹಿಂದಿನ ಬಿಲ್ಲಿನಿಂದ ಆ ದಿನದವರೆಗೆ 90 ಯೂನಿಟ್ ಒಳಬಂದು 150 ಹೊರಹೋಗಿದ್ದರೆ, ಮಿಕ್ಕ 60 ಯೂನಿಟ್ಟಿನ ಹಣ ಮಾರಿದವರದು. 3 ಕಿಲೋವ್ಯಾಟ್ ಘಟಕ ಬಿಸಿಲಿದ್ದ ದಿನ ಸುಮಾರು 12 ಯೂನಿಟ್ ಕೊಡುತ್ತದೆ; ಮಲೆನಾಡಿನ ಅಂಚಿಗೆ ಸೇರಿದ ಮುಗದದಲ್ಲಿ ಮಳೆಗಾಲದ ಅಂಕಿ ಅದಕ್ಕಿಂತ ಕಡಿಮೆ. ಆಷಾಢದ ಒಂದು ಬಿಲ್ಲು ನೋಡಿ ಫಲಕ ಕೆಟ್ಟಿದೆ ಎನ್ನುವುದಾಗಲಿ, ಏಪ್ರಿಲ್ಲಿನ ಬಿಲ್ಲು ತೋರಿಸಿ ಬೆಲೆ ಏರಿಸುವುದಾಗಲಿ ಸರಿಯಲ್ಲ. ಹನ್ನೆರಡು ತಿಂಗಳ ಬಿಲ್ಲು ಕೇಳುವುದು ನ್ಯಾಯ.

ಗೃಹಜ್ಯೋತಿ ಯೋಜನೆಯ ನೋಂದಣಿ ಆರ್.ಆರ್. ನಂಬರು ಮತ್ತು ಆಧಾರ್ ಎರಡಕ್ಕೂ ಜೋಡಣೆಯಾಗಿರುತ್ತದೆ. ಮಾರಿದವರು ಸೇವಾ ಸಿಂಧುವಿನಲ್ಲಿ ಹಳೆಯ ಮನೆಯ ಜೋಡಣೆಯನ್ನು ತೆಗೆಸಿದರೆ ತಮ್ಮ ಹೊಸ ಮನೆಗೆ ಅರ್ಜಿ ಹಾಕಲು ತೊಡಕಿರುವುದಿಲ್ಲ.

ಸಬ್ಸಿಡಿಯ ವಿಷಯ ಸರಳ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು ಗರಿಷ್ಠ 78,000 ರೂಪಾಯಿ ಸಿಗುತ್ತದೆ. ಹಣ ಅರ್ಜಿದಾರರ ಖಾತೆಗೇ ಹೋಗುತ್ತದೆ. ಫಲಕ ಕೂರಿಸಿ ಹಣ ಬರುವ ಮುನ್ನವೇ ಮನೆ ಮಾರಿದರೆ ಹೆಸರು, ಮೀಟರು, ಖಾತೆ ಹೊಂದಾಣಿಕೆಯಾಗದೆ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ಸಬ್ಸಿಡಿ ಬಂದ ಮೇಲೆ ನೋಂದಣಿಯ ದಿನ ಗೊತ್ತುಮಾಡುವುದು ಜಾಣತನ.

ಹೆಚ್ಚು ಎಚ್ಚರ ಬೇಕಾದದ್ದು ಸಾಲದಲ್ಲಿ. ಇದೇ ಯೋಜನೆಯಡಿ 3 ಕಿಲೋವ್ಯಾಟ್ ವರೆಗಿನ ಘಟಕಕ್ಕೆ ಮನೆ, ಜಮೀನು ಅಡವಿಡದೆ 2 ಲಕ್ಷ ರೂಪಾಯಿವರೆಗೆ ಬ್ಯಾಂಕ್ ಸಾಲ ಸಿಗುತ್ತದೆ. ಮನೆಯ ಅಡಮಾನವಿಲ್ಲದ್ದರಿಂದಲೇ ಋಣಭಾರ ಪ್ರಮಾಣಪತ್ರದಲ್ಲಿ ಈ ಸಾಲದ ಸುಳಿವಿರುವುದಿಲ್ಲ. ಆದರೆ ಹೈಪಾಥಿಕೇಶನ್ ಕರಾರಿನ ಮೂಲಕ ಫಲಕದ ಮೇಲೆ ಬ್ಯಾಂಕಿನ ಹಕ್ಕು ಇರುತ್ತದೆ. ಬೈಕಿನ ಸಾಲ ತೀರುವ ತನಕ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತದಲ್ಲ, ಹಾಗೆ. ಬೈಕಿಗೆ ಆರ್‌ಸಿಯಾದರೂ ಇದೆ, ಫಲಕಕ್ಕೆ ಅದೂ ಇಲ್ಲ. ಆದ್ದರಿಂದ ಕೊಳ್ಳುವವರು ಫಲಕದ ಮೂಲ ಬಿಲ್ಲನ್ನು ಕೇಳಬೇಕು. ಹಣ ಯಾವ ಖಾತೆಯಿಂದ ಸಂದಿದೆ ಎಂಬುದು ಸಾಲದ ಸುಳಿವು ಕೊಡುತ್ತದೆ. ಸಾಲವಿದ್ದರೆ ಮನೆಯ ಹಣದಲ್ಲಿ ಅಷ್ಟನ್ನು ಮುರಿದು ನೇರ ಬ್ಯಾಂಕಿಗೆ ಕಟ್ಟಿ, ಬೇಬಾಕಿ ಪತ್ರ ಪಡೆದ ಮೇಲೆ ನೋಂದಣಿ. ಉಳಿದ ಕಂತು ನಾನೇ ಕಟ್ಟುತ್ತೇನೆ ಎಂದು ಮಾರುವವರು ಕೊಡುವ ಭರವಸೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಬ್ಯಾಂಕಿನ ಲೆಕ್ಕಕ್ಕೆ ಬರುವುದಿಲ್ಲ.

ಕೆಲವು ಕಟ್ಟಡಗಳ ಮೇಲೆ ಫಲಕ ಮನೆಯವರದ್ದೇ ಆಗಿರುವುದಿಲ್ಲ. ಖಾಸಗಿ ಕಂಪನಿಯೊಂದು ತನ್ನ ಖರ್ಚಿನಲ್ಲಿ ಕೂರಿಸಿ, ಮಾಳಿಗೆಯ ಬಳಕೆಗೆ ಕರಾರು ಮಾಡಿಕೊಂಡಿರುತ್ತದೆ. ಅಂಥ ಫಲಕವನ್ನು ಮಾರುವ ಹಕ್ಕು ಮನೆಯ ಮಾಲೀಕರಿಗಿಲ್ಲ. ಕೊಳ್ಳುವವರು ಆ ಕರಾರಿಗೆ ಒಪ್ಪಿ ಮೂವರೂ ಸೇರಿ ಹೊಸ ಕರಾರು ಬರೆಯಬೇಕು, ಇಲ್ಲವೇ ಮಾರುವವರು ಮೊದಲೇ ಅದನ್ನು ಬಿಡಿಸಿಕೊಳ್ಳಬೇಕು.

ವಾರಂಟಿಯಲ್ಲಿ ಮೂರು ಪದರ. ಫಲಕದ ಉತ್ಪಾದನೆಗೆ ತಯಾರಕರು ಸಾಮಾನ್ಯವಾಗಿ 25 ವರ್ಷದ ಭರವಸೆ ಕೊಡುತ್ತಾರೆ, ಇನ್ವರ್ಟರಿನದು ಅದಕ್ಕಿಂತ ಬಹಳ ಕಡಿಮೆ, ಸೂರ್ಯಘರ್ ಯೋಜನೆಯಲ್ಲಿ ಕೂರಿಸಿದವರು 5 ವರ್ಷ ನಿರ್ವಹಣೆ ಮಾಡಿಕೊಡಬೇಕು. ಮೂರಕ್ಕೂ ಮೂಲ ಬಿಲ್ಲೇ ಆಧಾರ. ಇನ್ವರ್ಟರಿನ ಮೊಬೈಲ್ ಆ್ಯಪ್ ಮಾರಿದವರ ನಂಬರಿಗೆ ಜೋಡಣೆಯಾಗಿರುತ್ತದೆ. ಆ ಲಾಗಿನ್ ಕೊಂಡವರ ಕೈಗೆ ಬರದಿದ್ದರೆ ಘಟಕ ನಿಂತುಹೋದ ಸೂಚನೆ ಬೇರೊಬ್ಬರ ಫೋನಿನಲ್ಲಿ ಮೊಳಗುತ್ತದೆ.

ಮಾರುವವರು ಫಲಕವನ್ನು ಬಿಚ್ಚಿ ಒಯ್ಯುವುದಾದರೆ ಕರಾರಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆದು, ಹೆಸ್ಕಾಂಗೆ ತಿಳಿಸಿ ನೆಟ್ ಮೀಟರಿಂಗ್ ರದ್ದು ಮಾಡಿಸಿ, ಸ್ಲ್ಯಾಬಿನ ಬೋಲ್ಟ್ ತೂತುಗಳನ್ನು ನೀರಿಳಿಯದಂತೆ ಮುಚ್ಚಿಸಿಕೊಡಬೇಕು. ಲೆಕ್ಕ ಹಾಕಿದರೆ ಇದು ಲಾಭದ ಕೆಲಸವಲ್ಲ. ಬಿಚ್ಚುವ, ಸಾಗಿಸುವ, ಮತ್ತೆ ಕೂರಿಸುವ ಕೂಲಿ ಒಂದೆಡೆ. ಹೊಸ ಮನೆಯಲ್ಲಿ ಹೊಸ ಅರ್ಜಿ, ಆಗಿನ ದರದ ಹೊಸ ಕರಾರು ಇನ್ನೊಂದೆಡೆ. ಬ್ಯಾಟರಿಗೆ ಜೋಡಿಸಿದ, ಗ್ರಿಡ್ಡಿನ ನಂಟಿಲ್ಲದ ಸಣ್ಣ ಮನೆದೀಪದ ಘಟಕಕ್ಕೆ ಈ ತಾಪತ್ರಯಗಳಿಲ್ಲ. ಸಾಲವಿಲ್ಲದಿದ್ದರೆ, ಕೊಡುವುದೋ ಒಯ್ಯುವುದೋ ಎಂದು ಕರಾರಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು.

ಎಲ್ಲ ಕಾಗದ ಕೊಟ್ಟ ಮೇಲೂ ಹೆಸರು ಬದಲಾವಣೆ ಅಥವಾ ಎಕ್ಸ್‌ಪೋರ್ಟ್ ಹಣ ತಡೆದು ನಿಂತರೆ 1912 ಸಹಾಯವಾಣಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಅಲ್ಲಿಗೂ ಬಗೆಹರಿಯದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಕಲಂ ಪ್ರಕಾರ ರಚನೆಯಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಅರ್ಜಿ ಹಾಕಬಹುದು; ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು.